ಕೆರೆಯ ಕಳೆ, ಬೂಷ್ಟಿನ ವಿಷ: ಯಾವುದನ್ನು ಎಲ್ಲಿ ಬಳಸಬೇಕು?

ಕೆರೆಯ ಮೇಲೆ ತೇಲುವ ಕಳೆ ವಾಟರ್ ಹಯಸಿಂತಿನ ಎಲೆಯಲ್ಲಿ ಕಂದು ಮಚ್ಚೆ ಕಂಡರೆ ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ. ನಡುವೆ ಸತ್ತು ಒಣಗಿದ ಭಾಗವಿರುತ್ತದೆ, ಅದರ ಸುತ್ತ ಹಳದಿ ಬಳೆ. ಬೂಷ್ಟಿನ ಎಳೆಗಳು ಹೆಚ್ಚಾಗಿ ಕಂದು ಭಾಗದಲ್ಲೂ ಅದರ ಅಂಚಿನಲ್ಲೂ ಇರುತ್ತವೆ. ಹಳದಿ ಬಳೆಗೆ ಎಳೆಗಿಂತ ಮುಂಚೆ ವಿಷ ಹೋಗಿ ತಲುಪಿರುತ್ತದೆ. ಇದನ್ನು ನೋಡಿದವರಿಗೆ ಸಹಜವಾಗಿ ಬರುವ ಯೋಚನೆ ಒಂದೇ: ಆ ವಿಷವನ್ನೇ ಬೇರೆ ಮಾಡಿ ಕಳೆಯ ಮೇಲೆ ಹೊಡೆದರೆ ಆಗದೇ?

ಕೆರೆಗೆ ಅದು ಆಗದು, ಪ್ರಯೋಗಾಲಯಕ್ಕೆ ಬಹಳ ಚೆನ್ನಾಗಿ ಆಗುತ್ತದೆ. ಜಲಸಸ್ಯಗಳ ಬೆಳವಣಿಗೆ ತಡೆಯುವ ನಾಲ್ಕು ಬೂಷ್ಟಿನ ವಿಷಗಳನ್ನೂ, ಅವನ್ನು ಬಳಸುವ ಮೂರು ರೂಪಗಳನ್ನೂ, ಅವನ್ನು ಅಳೆಯುವ ಸಸ್ಯಗಳನ್ನೂ ಇಲ್ಲಿ ಹೋಲಿಸಿದ್ದೇವೆ. ಸಸ್ಯರೋಗ ವಿಜ್ಞಾನದ ವಿದ್ಯಾರ್ಥಿಗಳಿಗೂ, ಕೆರೆ ಉಳಿಸುವ ಕೆಲಸದಲ್ಲಿ ಇರುವವರಿಗೂ ಇದು ಬೇಕಾಗುತ್ತದೆ.

ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ನಮ್ಮಲ್ಲಿ ವಾಟರ್ ಹಯಸಿಂತನ್ನು ಅಂತರಗಂಗೆ ಎನ್ನುವವರು ಬಹಳ. ಆದರೆ ಎಲೆಕೋಸಿನ ಹಾಗೆ ಎಲೆ ಹರಡಿಕೊಂಡು ತೇಲುವ ಪಿಸ್ಟಿಯಾಕ್ಕೂ ಇದೇ ಹೆಸರಿದೆ. ಬೂಷ್ಟಿನ ವಿಚಾರದಲ್ಲಿ ಈ ಗೊಂದಲ ದುಬಾರಿ, ಏಕೆಂದರೆ ಒಂದಕ್ಕೆ ಹತ್ತುವ ರೋಗ ಇನ್ನೊಂದಕ್ಕೆ ಹತ್ತದೇ ಹೋಗಬಹುದು. ತೊಟ್ಟು ಉಬ್ಬಿ ಬುರುಡೆಯಂತಾಗಿದ್ದು, ನೇರಳೆ ಹೂ ಬಿಡುತ್ತಿದ್ದರೆ ಅದು ವಾಟರ್ ಹಯಸಿಂತ್.

ಲೆಕ್ಕದಿಂದ ಶುರುಮಾಡೋಣ

ಒಂದು ಹೆಕ್ಟೇರ್ ಹರವು, ಸರಾಸರಿ ಒಂದು ಮೀಟರ್ ಆಳದ ಕೆರೆ ಎಂದುಕೊಳ್ಳಿ. ಅದರಲ್ಲಿರುವ ನೀರು 10,000 ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್. ಫ್ಯುಮೋನಿಸಿನ್ ಬಿ1 ಎಂಬ ವಿಷ 1 ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ, ಅಂದರೆ ಲೀಟರಿಗೆ ಸುಮಾರು 0.72 ಮಿಲಿಗ್ರಾಂ ಇರುವಂತೆ, ಆ ನೀರಿನಲ್ಲೆಲ್ಲ ಬೆರೆಯಬೇಕಾದರೆ 7.2 ಕಿಲೋ ಶುದ್ಧ ವಿಷ ಬೇಕು. ಈ ವಿಷ ಮಾರುಕಟ್ಟೆಯಲ್ಲಿ ಸಿಗುವುದೇ ಮಿಲಿಗ್ರಾಂ ಲೆಕ್ಕದ ಸೀಸೆಗಳಲ್ಲಿ. ಬೋಸ್ಟ್ರೈಸಿನ್ ಎಂಬ ಇನ್ನೊಂದು ವಿಷ ಲೀಟರಿಗೆ 7 ಮಿಲಿಗ್ರಾಂ ಬೇಕೆಂದರೆ 70 ಕಿಲೋ ಆಗುತ್ತದೆ.

ನೀರಿಗೆ ಬೇಡ, ತೇಲುವ ಎಲೆಗಳ ಮೇಲೆ ಮಾತ್ರ ಸಿಂಪಡಿಸುತ್ತೇವೆ ಎಂದರೆ ಲೆಕ್ಕ ಇಳಿಯುತ್ತದೆ. ಹೆಕ್ಟೇರಿಗೆ 500 ಲೀಟರ್ ಸಿಂಪಡಣೆಗೆ ಅದೇ ಬೋಸ್ಟ್ರೈಸಿನ್ 3.5 ಗ್ರಾಂ ಸಾಕು. ಆದರೆ ಲೀಟರಿಗೆ 7 ಮಿಲಿಗ್ರಾಂ ಎಂಬುದು ಎಲೆಯಲ್ಲಿ ಕಣ್ಣಿಗೆ ಕಾಣುವ ಗುರುತು ಮೂಡಲು ಬೇಕಾದ ಕನಿಷ್ಠ ಪ್ರಮಾಣ, ಗಿಡ ಸಾಯಲು ಬೇಕಾದದ್ದಲ್ಲ. ವಾಟರ್ ಹಯಸಿಂತ್ ಎಲೆಗೆ ಮೇಣದ ಹೊದಿಕೆ ಇದೆ, ಹನಿ ಜಾರಿ ಹೋಗುತ್ತದೆ. ನಿಂತ ಹನಿಯ ವಿಷ ಬಿದ್ದ ಜಾಗವನ್ನು ಸುಡುತ್ತದೆ, ಅಲ್ಲಿಗೇ ಮುಗಿಯಿತು. ಅದು ಬೆಳೆಯುವುದಿಲ್ಲ, ಪಕ್ಕದ ಎಲೆಗೆ ಹರಡುವುದಿಲ್ಲ. ಗಿಡದ ಬೆಳೆಯುವ ತುದಿ ನೀರಿನ ಮಟ್ಟದಲ್ಲಿ ತೊಟ್ಟುಗಳ ಮರೆಯಲ್ಲಿ ಸುರಕ್ಷಿತವಾಗಿರುತ್ತದೆ. ಬೆಚ್ಚಗಿನ, ಗೊಬ್ಬರದಂಶ ತುಂಬಿದ ಕೆರೆಯಲ್ಲಿ ಗಿಡ ವಾರಕ್ಕೊಂದು ಹೊಸ ಎಲೆ ಬಿಡುತ್ತದೆ, ಒಂದೆರಡು ವಾರದಲ್ಲಿ ಸಂಖ್ಯೆಯನ್ನೇ ಇಮ್ಮಡಿ ಮಾಡಿಕೊಳ್ಳುತ್ತದೆ. ಸುಟ್ಟ ಎಲೆಗಳ ಲೆಕ್ಕ ಅದಕ್ಕೆ ನಷ್ಟವೇ ಅಲ್ಲ.

ನಾಲ್ಕು ವಿಷಗಳು

ಬೋಸ್ಟ್ರೈಸಿನ್ ಮತ್ತು ಅದರ ಜೊತೆಯ 4-ಡಿಆಕ್ಸಿಬೋಸ್ಟ್ರೈಸಿನ್ ಕರ್ನಾಟಕದವರಿಗೆ ಹತ್ತಿರದವು. ಇವನ್ನು ತಯಾರಿಸುವ ಆಲ್ಟರ್ನೇರಿಯ ಐಕಾರ್ನಿಯೆ ಎಂಬ ಬೂಷ್ಟನ್ನು ಹೊಸ ಪ್ರಭೇದವೆಂದು 1970ರಲ್ಲಿ ವಿವರಿಸಿದವರು ಬೆಂಗಳೂರಿನ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರದ ನಾಗರಾಜ್ ಮತ್ತು ಪೊನ್ನಪ್ಪ. ಆ ಬೂಷ್ಟು ಬೆಳೆಸಿದ ಸಾರನ್ನು ಸೋಸಿದ ರಸದಿಂದ ಎರಡು ಕೆಂಪು ಹರಳುಗಳನ್ನು ಬೇರ್ಪಡಿಸಿ, ಅವೇ ಎಲೆಯ ಅಂಗಮಾರಿಗೆ ಕಾರಣವಾಗಬಲ್ಲ ವಿಷಗಳೆಂದು 1982ರಲ್ಲಿ ತೋರಿಸಿದವರು ಫ್ಲಾರಿಡಾ ವಿಶ್ವವಿದ್ಯಾಲಯದ ಚಾರುದತ್ತನ್ ಮತ್ತು ರಾವ್. ಬೋಸ್ಟ್ರೈಸಿನ್ ಮಿಲಿಲೀಟರಿಗೆ ಸುಮಾರು 7 ಮೈಕ್ರೋಗ್ರಾಂ ಇದ್ದಾಗಲೂ, 4-ಡಿಆಕ್ಸಿ ರೂಪ ಸುಮಾರು 30 ಇದ್ದಾಗಲೂ ಎಲೆಯಲ್ಲಿ ಗುರುತು ಕಾಣಿಸಿತು. ಒಂದೇ ಒಂದು ಆಮ್ಲಜನಕ ಕಡಿಮೆಯಾದರೆ ವಿಷದ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಗಮನಿಸಿ. ಎರಡನ್ನೂ ಬೇರ್ಪಡಿಸದೆ ಕೇವಲ ಕೆಂಪು ಬಣ್ಣ ಅಳೆದು 'ಇಷ್ಟು ವಿಷ ಇದೆ' ಎನ್ನುವವರು ಇಲ್ಲೇ ಎಡವುತ್ತಾರೆ.

ಇದಕ್ಕಿಂತ ಮುಖ್ಯ ಸಂಗತಿ ಬೇರೆ ಇದೆ. ಆಲ್ಟರ್ನೇರಿಯ ಐಕಾರ್ನಿಯೆ ಬಹುಮಟ್ಟಿಗೆ ವಾಟರ್ ಹಯಸಿಂತಿಗೇ ಮೀಸಲಾದ ಬೂಷ್ಟು. ಅದರ ವಿಷ ಹಾಗಲ್ಲ: ಬೇರೆ ಗಿಡಗಳ ಎಲೆಯನ್ನೂ ಸುಡುತ್ತದೆ, ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯವನ್ನೂ ತಡೆಯುತ್ತದೆ. ಯಾವ ಗಿಡದೊಳಗೆ ನುಗ್ಗಬೇಕು ಎಂಬ ಆಯ್ಕೆ ಬೂಷ್ಟಿನದು, ವಿಷಕ್ಕೆ ಆ ವಿವೇಕವಿಲ್ಲ. ಬೂಷ್ಟನ್ನು ಬಿಟ್ಟು ವಿಷವನ್ನು ಮಾತ್ರ ತೆಗೆದುಕೊಂಡರೆ ಸುರಕ್ಷತೆಯನ್ನು ಅಲ್ಲೇ ಬಿಟ್ಟು ಬಂದ ಹಾಗೆ. ಇಡೀ ಹೋಲಿಕೆಯಲ್ಲಿ ನಾವು ಹಿಡಿದಿರುವ ಎಳೆ ಇದೇ.

ಬ್ಯಾಸಿಲಸ್ಸನ್ನು ತಡೆಯುವ ಗುಣದಿಂದ ಒಂದು ಅಗ್ಗದ ಉಪಯೋಗವೂ ಇದೆ. ಹತ್ತಾರು ತಳಿಗಳನ್ನು ತಂದಿಟ್ಟುಕೊಂಡಾಗ ಪ್ರತಿಯೊಂದರ ರಸವನ್ನೂ ಸಣ್ಣ ಕಾಗದದ ಬಿಲ್ಲೆಗೆ ಹೀರಿಸಿ, ಬ್ಯಾಸಿಲಸ್ ಬಿತ್ತಿದ ತಟ್ಟೆಯ ಮೇಲಿಟ್ಟರೆ ಮರುದಿನ ಬೆಳಿಗ್ಗೆ ತಿಳಿ ವಲಯದ ಅಗಲ ನೋಡಿ ಯಾವ ತಳಿಯನ್ನು ಮುಂದಕ್ಕೆ ಒಯ್ಯಬೇಕೆಂದು ತೀರ್ಮಾನಿಸಬಹುದು. ಎಲೆಯ ಪರೀಕ್ಷೆಗೆ ಇದು ಬದಲಿ ಆಗಲಾರದು, ಮೊದಲ ಜರಡಿಗೆ ಸಾಕು.

ಸರ್ಕೋಸ್ಪೊರಿನ್ನಿನ ಸ್ವಭಾವವೇ ಬೇರೆ. 1957ರಲ್ಲಿ ಸೋಯಾ ಅವರೆಗೆ ರೋಗ ತರುವ ಸರ್ಕೋಸ್ಪೊರ ಕಿಕುಚಿಯಿಂದ ಮೊದಲು ಬೇರ್ಪಟ್ಟ ಈ ಕೆಂಪು ವಿಷ ಕತ್ತಲೆಯಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಬೆಳಕು ಬಿದ್ದೊಡನೆ ಅದರ ಶಕ್ತಿಯನ್ನು ಹೀರಿ ಆಮ್ಲಜನಕಕ್ಕೆ ದಾಟಿಸುತ್ತದೆ. ಹೀಗೆ ಕೆರಳಿದ ಆಮ್ಲಜನಕ ಜೀವಕೋಶದ ಪೊರೆಯ ಕೊಬ್ಬನ್ನು ಹರಿದುಹಾಕುತ್ತದೆ, ಕೋಶದೊಳಗಿನ ಲವಣಗಳು ಹೊರಗೆ ಸೋರುತ್ತವೆ. ವಾಟರ್ ಹಯಸಿಂತಿಗೆ ಎಲೆಚುಕ್ಕೆ ತರುವ ಸರ್ಕೋಸ್ಪೊರ ಪಿಯಾರೊಪಿ ಇದನ್ನು ತಯಾರಿಸುತ್ತದೆ. ಫ್ಲಾರಿಡಾದ ರಾಡ್‌ಮನ್ ಜಲಾಶಯದಲ್ಲಿ 1970ರ ದಶಕದ ಆರಂಭದಲ್ಲಿ ಕಳೆ ತಾನಾಗಿ ಕುಸಿದಾಗ ಅಲ್ಲಿ ಸಿಕ್ಕ ಬೂಷ್ಟಿಗೆ ಸರ್ಕೋಸ್ಪೊರ ರಾಡ್‌ಮನಿಯೈ ಎಂದು 1976ರಲ್ಲಿ ಹೆಸರಿಟ್ಟರು. ಆಮೇಲೆ ಅದನ್ನೂ ಪಿಯಾರೊಪಿಯೊಳಗೇ ಸೇರಿಸಲಾಗಿದೆ. ಹಳೆಯ ಪ್ರಬಂಧ ಓದುವಾಗ ಎರಡನ್ನೂ ಒಂದೇ ಎಂದು ತಿಳಿಯಿರಿ.

ಇದರ ಪರೀಕ್ಷೆಯಲ್ಲಿ ಬೆಳಕನ್ನೂ ಒಂದು ರಾಸಾಯನಿಕದಂತೆ ಲೆಕ್ಕ ಹಿಡಿಯಬೇಕು. ಒಂದೇ ದ್ರಾವಣವನ್ನು ಒಬ್ಬರು ಕಿಟಕಿ ಪಕ್ಕ, ಇನ್ನೊಬ್ಬರು ಮೂಲೆಯ ಬೀರುವಿನಲ್ಲಿಟ್ಟರೆ ಎರಡು ಬೇರೆ ವಿಷವೇ ಎನ್ನುವಷ್ಟು ಫಲಿತಾಂಶ ಬದಲಾಗುತ್ತದೆ. ಪ್ರತಿ ಸಾಂದ್ರತೆಗೂ ಬೆಳಕಿನ ಪಾತ್ರೆಗಳ ಜೊತೆ ಅಲ್ಯೂಮಿನಿಯಂ ಹಾಳೆ ಸುತ್ತಿದ ಕತ್ತಲೆಯ ಪಾತ್ರೆಗಳನ್ನೂ ಇಡಿ, ವಿಷವಿಲ್ಲದ ಕತ್ತಲೆಯ ಕಂಟ್ರೋಲನ್ನು, ಅಂದರೆ ಹೋಲಿಕೆಗೆಂದು ಇಡುವ ಪಾತ್ರೆಯನ್ನು, ಮರೆಯಬೇಡಿ. ಕತ್ತಲೆಯಲ್ಲಿ ವಾರಗಟ್ಟಲೆ ಇಟ್ಟರೆ ಗಿಡವೇ ಸೊರಗುತ್ತದೆ, ಆದ್ದರಿಂದ ಈ ಭಾಗವನ್ನು 48 ಗಂಟೆಗೆ ನಿಲ್ಲಿಸಿ, ಎಲೆಯ ಎಣಿಕೆಯ ಬದಲು ನೀರಿನ ವಿದ್ಯುತ್ ವಾಹಕತೆ ಅಳೆಯಿರಿ. ಲವಣ ಸೋರಿದಷ್ಟೂ ಅಳತೆ ಏರುತ್ತದೆ. ವಿಷ ಇದೆಯೋ ಇಲ್ಲವೋ ತಿಳಿಯಲು ಸರಳ ಗುರುತೂ ಇದೆ: ಬೂಷ್ಟು ಬೆಳೆದ ಅಗಾರ್ ಜೆಲ್ಲಿಯ ತುಂಡಿನ ಮೇಲೆ 5 ನಾರ್ಮಲ್ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿದರೆ ಕೆಂಪು ಹೋಗಿ ಹಸಿರಾಗುತ್ತದೆ, ಆ ಬಣ್ಣವನ್ನು 480 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಅಳೆಯಬಹುದು.

ಮೂರನೆಯದು ಟ್ರೈಕೋಥೀಸೀನ್ ಗುಂಪು: ರೊರಿಡಿನ್, ವೆರುಕಾರಿನ್ ಮುಂತಾದವು. ಇವು ಮೈರೋಥೀಸಿಯಮ್ ರೊರಿಡಮ್ ಎಂಬ ಬೂಷ್ಟಿನವು, ಈಗ ಅದರ ಹೆಸರು ಪ್ಯಾರಾಮೈರೋಥೀಸಿಯಮ್. ವಾಟರ್ ಹಯಸಿಂತ್ ಮೇಲೆ ಇದರ ರೋಗವನ್ನು ಭಾರತದಿಂದ ಪೊನ್ನಪ್ಪ 1970ರಲ್ಲೇ ವರದಿ ಮಾಡಿದ್ದರು. ಕೊಲ್ಲುವ ಬಲದಲ್ಲಿ ಇದು ಮುಂದು, ಎಲೆಯಲ್ಲಿ ದೊಡ್ಡ ದೊಡ್ಡ ಕಣ್ಣೀರ ಹನಿಯಾಕಾರದ ಮಚ್ಚೆಗಳೂ ಅವುಗಳ ಮೇಲೆ ಬಿಳಿ ಅಂಚಿನ ಕರಿಹಸಿರು ದಿಬ್ಬಗಳೂ ಬೇಗ ಕಾಣುತ್ತವೆ. ಹೊಸಬರು ಇದರ ವೇಗಕ್ಕೆ ಮರುಳಾಗುತ್ತಾರೆ. ನಮ್ಮ ಸಲಹೆ ಸ್ಪಷ್ಟ: ಕೆರೆಗೆ ಇದು ಬೇಡ. ಟ್ರೈಕೋಥೀಸೀನ್ ಜೀವಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ, ಗಿಡದ ರೈಬೋಸೋಮಿಗೂ ದನದ ರೈಬೋಸೋಮಿಗೂ ಅದು ವ್ಯತ್ಯಾಸ ಮಾಡುವುದಿಲ್ಲ. ಚರ್ಮಕ್ಕೆ ತಾಗಿದರೆ ಉರಿ, ಬೊಬ್ಬೆ. ಕೆರೆಯಂಚಿಗೆ ಎಮ್ಮೆ ಹಸು ಬರುತ್ತವೆ, ಕಳೆಯನ್ನು ಮೇಯುತ್ತವೆ. ಅಮೆರಿಕದಲ್ಲಿ ಹಿಂದೆ ಇದೇ ಕುಲದಲ್ಲಿದ್ದ ಮೈರೋಥೀಸಿಯಮ್ ವೆರುಕಾರಿಯವನ್ನು ಕುಡ್ಜು ಎಂಬ ಕಳೆಬಳ್ಳಿಯ ಮೇಲೆ ಪ್ರಯೋಗಿಸಿದಾಗಲೂ ದೊಡ್ಡ ತೊಡಕಾದದ್ದು ಈ ವಿಷಗಳೇ.

ಪ್ರಯೋಗಾಲಯದಲ್ಲಿ ಇದನ್ನು ಬೆಳೆಸಲೇಬೇಕೆಂದರೆ ಒಂದು ತಪ್ಪನ್ನು ಖಂಡಿತ ಮಾಡಬೇಡಿ: ಆಟೋಕ್ಲೇವ್ ಮಾಡಿದೆವು (ಒತ್ತಡದ ಹಬೆಯಲ್ಲಿ ಬೇಯಿಸಿದೆವು), ಇನ್ನು ಚೆಲ್ಲಬಹುದು ಎಂದುಕೊಳ್ಳುವುದು. 121 ಡಿಗ್ರಿಯಲ್ಲಿ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. 3–5% ಸೋಡಿಯಂ ಹೈಪೋಕ್ಲೋರೈಟಿಗೆ 0.1 ಮೋಲಾರ್ ಆಗುವಷ್ಟು ಕಾಸ್ಟಿಕ್ ಸೋಡ ಬೆರೆಸಿ, ಪಾತ್ರೆಗಳನ್ನೂ ಉಳಿದ ರಸವನ್ನೂ ಅದರಲ್ಲಿ ನೆನೆಸಿದ ಮೇಲೆಯೇ ಹೊರಹಾಕಬೇಕು. ಒಣಗಿದ ತಟ್ಟೆಯ ಮುಚ್ಚಳ ತೆರೆಯುವಾಗ ಬೀಜಕ ಹಾರದಂತೆ ಸುರಕ್ಷತಾ ಕ್ಯಾಬಿನೆಟ್ ಒಳಗೇ ತೆರೆಯಿರಿ.

ಫ್ಯುಮೋನಿಸಿನ್ ಜಲಸಸ್ಯದ ರೋಗದಿಂದ ಬಂದದ್ದಲ್ಲ. ಮೆಕ್ಕೆಜೋಳದ ತೆನೆಗೆ ಹತ್ತುವ ಫ್ಯುಸೇರಿಯಮ್ ವರ್ಟಿಸಿಲಿಯಾಯ್ಡಿಸ್ ಇದರ ತಾಯಿ. ದಕ್ಷಿಣ ಆಫ್ರಿಕದಲ್ಲಿ 1988ರಲ್ಲಿ ಗುರುತಿಸಿದ ಈ ವಿಷ ನಮ್ಮವರಿಗೆ ಪರಿಚಯವಾದದ್ದು ನೋವಿನಿಂದಲೇ: 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡು, ಧಾನ್ಯದಲ್ಲಿ ಫ್ಯುಮೋನಿಸಿನ್ ಪತ್ತೆಯಾಗಿತ್ತು. ಇದು ಜಲಸಸ್ಯದ ಕಥೆಗೆ ಬರುವುದು ಅಳತೆಗೋಲಾಗಿ. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಶುದ್ಧ ರೂಪದಲ್ಲಿ ಕೊಳ್ಳಲು ಸಿಗುತ್ತದೆ, ಮೈಕ್ರೋಮೋಲಾರ್ ಮಟ್ಟದಲ್ಲೇ ಲೆಮ್ನಾ, ಅಂದರೆ ನೀರ ಮೇಲೆ ತೇಲುವ ಪುಟ್ಟ ಎಲೆಗಿಡ ಡಕ್‌ವೀಡ್, ಬಿಳಿಚಿಕೊಳ್ಳುತ್ತದೆ, ಲವಣ ಸೋರಿಸುತ್ತದೆ. ಪೊರೆಗೆ ಬೇಕಾದ ಸೆರಮೈಡ್ ಎಂಬ ಕೊಬ್ಬನ್ನು ತಯಾರಿಸುವ ಕಿಣ್ವವನ್ನು ತಡೆಯುವುದರಿಂದ ಅದರ ಕಚ್ಚಾವಸ್ತುವಾದ ಸ್ಫಿಂಗಾನಿನ್ ಕೋಶದಲ್ಲಿ ಕಟ್ಟಿಕೊಳ್ಳುವುದೇ ಕಾರಣ. ಟೊಮೇಟೊ ಕಾಂಡಕ್ಕೆ ಹತ್ತುವ ಆಲ್ಟರ್ನೇರಿಯದ ಎಎಎಲ್ ವಿಷವೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ನಿಮ್ಮ ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಪಾಸಿಟಿವ್ ಕಂಟ್ರೋಲ್, ಅಂದರೆ ಖಂಡಿತ ಪರಿಣಾಮ ತೋರುವ ಪಾತ್ರೆ, ಬೇಕಿದ್ದರೆ ನಾಲ್ಕರಲ್ಲಿ ಇದೇ ಅನುಕೂಲ. 1 ಮಿಲಿಗ್ರಾಂ ಸೀಸೆಗೆ 1.39 ಮಿಲಿಲೀಟರ್ ಶುದ್ಧ ನೀರು ಹಾಕಿದರೆ 1 ಮಿಲಿಮೋಲಾರ್ ಆಗುತ್ತದೆ. ಅದರಲ್ಲಿ 100 ಮೈಕ್ರೋಲೀಟರನ್ನು 100 ಮಿಲಿಲೀಟರ್ ಮಾಧ್ಯಮಕ್ಕೆ ಬೆರೆಸಿದರೆ 1 ಮೈಕ್ರೋಮೋಲಾರ್. ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಪಟ್ಟಿಯಲ್ಲಿ ಇರುವುದರಿಂದ ಕೈಗವಸು ಕಡ್ಡಾಯ.

ಜೀವಂತ ಬೂಷ್ಟೋ, ಸೋಸಿದ ರಸವೋ, ಶುದ್ಧ ವಿಷವೋ

ಶುದ್ಧ ವಿಷ ಸಿಕ್ಕರೆ ಪ್ರಮಾಣ ಖಚಿತ, ಬೆಲೆ ಹೆಚ್ಚು. ಯಾವ ಸಾಂದ್ರತೆಗೆ ಎಷ್ಟು ತಡೆ ಎಂಬ ಪ್ರಶ್ನೆಗೆ ಇದೊಂದೇ ನಂಬುವಂಥ ಉತ್ತರ ಕೊಡುತ್ತದೆ.

ಹೆಚ್ಚಿನವರು ಕೈಹಾಕುವುದು ಸೋಸಿದ ರಸಕ್ಕೆ, ಮೋಸಹೋಗುವುದೂ ಅಲ್ಲೇ. ಆಲೂಗಡ್ಡೆ ಡೆಕ್ಸ್‌ಟ್ರೋಸ್ ಸಾರಿನಲ್ಲಿ ಬೂಷ್ಟನ್ನು 25–28 ಡಿಗ್ರಿಯಲ್ಲಿ ಎರಡು ಮೂರು ವಾರ ಬೆಳೆಸಿ, ಮೊದಲು ಮಸ್ಲಿನ್ ಬಟ್ಟೆ, ಆಮೇಲೆ ವಾಟ್‌ಮನ್ ನಂ. 1 ಕಾಗದ, ಕೊನೆಗೆ 0.22 ಮೈಕ್ರಾನ್ ಪೊರೆಯಲ್ಲಿ ಸೋಸಿದ್ದು ಈ ರಸ. ಅದರಲ್ಲಿ ವಿಷ ಮಾತ್ರ ಇರುವುದಿಲ್ಲ. ಸಾರಿಗೆ ಲೀಟರಿಗೆ 20 ಗ್ರಾಂ ಸಕ್ಕರೆ ಹಾಕಿರುತ್ತೀರಿ. ರಸವನ್ನು 10% ಬೆರೆಸಿದರೆ ಉಳಿದ ಸಕ್ಕರೆ ಲೀಟರಿಗೆ 2 ಗ್ರಾಂ ತನಕ ಬರಬಹುದು, ಲೆಮ್ನಾ ಬೇರಿನಲ್ಲಿದ್ದ ಬ್ಯಾಕ್ಟೀರಿಯಕ್ಕೆ ಅದು ಹಬ್ಬ. ಮೂರನೇ ದಿನಕ್ಕೆ ನೀರು ಹಾಲಿನಂತಾಗಿ, ಬೇರು ಕೊಳೆತು, ಎಲೆ ಹಳದಿಯಾಗುತ್ತದೆ. ನೋಟ್‌ಬುಕ್ಕಿನಲ್ಲಿ ಅದು 'ವಿಷದ ಪರಿಣಾಮ' ಎಂದು ದಾಖಲಾಗುತ್ತದೆ. ಬೂಷ್ಟು ಬೆಳೆಯುತ್ತ ಸಾರನ್ನು ಹುಳಿ ಮಾಡಿದ್ದರೆ ಪಿಎಚ್ ಇಳಿತವೊಂದೇ ಲೆಮ್ನಾ ಬೆಳವಣಿಗೆಯನ್ನು ತಡೆಯಬಲ್ಲದು.

ಆದ್ದರಿಂದ ರಸದ ಪರೀಕ್ಷೆಗೆ ಒಂದು ಕಂಟ್ರೋಲ್ ಸಾಲದು. ಬರೀ ಮಾಧ್ಯಮ ಒಂದು. ಬೂಷ್ಟು ಹಾಕದೆ ಅಷ್ಟೇ ದಿನ ಅದೇ ಕೋಣೆಯಲ್ಲಿಟ್ಟು ಸೋಸಿದ ಸಾರು ಇನ್ನೊಂದು. ಅದೇ ಸಾರನ್ನು ರಸದ ಪಿಎಚ್‌ಗೆ ಇಳಿಸಿದ್ದು ಮೂರನೆಯದು. ವಿಷ ತಯಾರಿಸದ ತಳಿಯೊಂದರ ರಸ ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಮೊದಲ ಮೂರನ್ನೂ ಇಡದೆ ಬಂದ ತಡೆಯ ಶೇಕಡಾವಾರನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀವೂ ಹಿಡಿಯಬೇಡಿ.

ಜೀವಂತ ಬೂಷ್ಟಿನ ಸಮಸ್ಯೆ ಬೇರೆ ಬಗೆಯದು. ಸತ್ತ ಎಲೆಯಿಂದ ಬೂಷ್ಟು ತೆಗೆದರೆ ಸಿಗುವುದು ಎಲ್ಲೆಲ್ಲೂ ಇರುವ ಆಲ್ಟರ್ನೇರಿಯ ಆಲ್ಟರ್ನೇಟ, ಇಲ್ಲವೆ ಕ್ಲಾಡೋಸ್ಪೋರಿಯಮ್. ಮಚ್ಚೆಯ ಅಂಚಿನಿಂದ, ಅರ್ಧ ಹಸಿರು ಅರ್ಧ ಕಂದು ಇರುವಂತೆ 3–5 ಮಿಲಿಮೀಟರ್ ತುಂಡು ಕತ್ತರಿಸಿ, 1% ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಒಂದು ನಿಮಿಷ ಅದ್ದಿ, ಮೂರು ಸಲ ಶುದ್ಧ ನೀರಿನಲ್ಲಿ ತೊಳೆದು, ಒತ್ತುಕಾಗದದ ಮೇಲೆ ಆರಿಸಿ, ಲೀಟರಿಗೆ 100 ಮಿಲಿಗ್ರಾಂ ಕ್ಲೋರಾಂಫೆನಿಕಾಲ್ ಸೇರಿಸಿದ ಅಗಾರಿನ ಮೇಲಿಡಿ. ಬೆಳೆದ ಬೂಷ್ಟನ್ನು ಆರೋಗ್ಯವಾದ ಗಿಡಕ್ಕೆ ಹಚ್ಚಿ, ಅದೇ ಮಚ್ಚೆ ಬಂದು, ಅದರಿಂದ ಅದೇ ಬೂಷ್ಟು ಮತ್ತೆ ಸಿಕ್ಕ ಮೇಲೆಯೇ ಹೆಸರು ಹೇಳಿ. ತಟ್ಟೆಯಿಂದ ತಟ್ಟೆಗೆ ಹತ್ತು ಸಲ ದಾಟಿಸಿದ ತಳಿ ಬೀಜಕ ಬಿಡುವುದನ್ನೂ ವಿಷ ತಯಾರಿಸುವುದನ್ನೂ ಮರೆಯುತ್ತ ಬರುತ್ತದೆ. ಮೊದಲ ವಾರದಲ್ಲೇ ಹಲವು ಪ್ರತಿ ಮಾಡಿ 4 ಡಿಗ್ರಿಯಲ್ಲಿ ಇಟ್ಟುಕೊಳ್ಳಿ.

ಅಳೆಯಲು ಯಾವ ಸಸ್ಯ?

ವಾಟರ್ ಹಯಸಿಂತ್ ಎಲೆಯ ಮೇಲೆ ಸೂಜಿಯಿಂದ ಚುಚ್ಚಿ 10–20 ಮೈಕ್ರೋಲೀಟರ್ ಹನಿ ಇಡುವ ವಿಧಾನ ಹಳೆಯದು, ಈಗಲೂ ಉಪಯುಕ್ತ. ಮೇಲಿನಿಂದ ಎರಡನೆಯ ಅಥವಾ ಮೂರನೆಯ ಪೂರ್ತಿ ಬಿಚ್ಚಿದ ಎಲೆ ಆರಿಸಿ, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ 48–72 ಗಂಟೆ ಇಟ್ಟು ಸತ್ತ ಭಾಗದ ಅಗಲ ಅಳೆಯುವುದು. ಆದರೆ ಇದು ಎಲೆ ಸತ್ತದ್ದನ್ನು ಹೇಳುತ್ತದೆ, ಬೆಳವಣಿಗೆ ನಿಂತದ್ದನ್ನಲ್ಲ. ಚುಚ್ಚಿದ ಗಾಯವೇ ಒಂದೆರಡು ಮಿಲಿಮೀಟರ್ ಕಂದಾಗುತ್ತದೆ, ಅದನ್ನು ಕಳೆಯಬೇಕು.

ನೀರಿನೊಳಗೆ ಮುಳುಗಿ ಬೆಳೆಯುವ ಹೈಡ್ರಿಲ್ಲಾದ ತುದಿಯ 5 ಸೆಂಟಿಮೀಟರ್ ತುಂಡನ್ನು ಕೊಳವೆಯಲ್ಲಿಟ್ಟು ನೋಡಬಹುದು, ಆದರೆ ತುಂಡಿನಿಂದ ತುಂಡಿಗೆ ಬೆಳವಣಿಗೆ ಬಹಳ ಏರುಪೇರು. ಅಮೆರಿಕದಲ್ಲಿ ಹೈಡ್ರಿಲ್ಲಾಕ್ಕೆಂದು ಆರಿಸಿದ ಮೈಕೋಲೆಪ್ಟೋಡಿಸ್ಕಸ್ ಟೆರೆಸ್ಟ್ರಿಸ್ ಬೂಷ್ಟನ್ನು ಓದಿ ಇಲ್ಲೂ ಅದೇ ಮಾಡೋಣ ಎನ್ನುವವರು ಒಂದನ್ನು ನೆನಪಿಡಿ: ಅಲ್ಲಿ ಹೈಡ್ರಿಲ್ಲಾ ಹೊರಗಿನಿಂದ ಬಂದ ಕಳೆ, ನಮ್ಮ ಕೆರೆಗಳಿಗೆ ಅದು ಮನೆಯದೇ, ಮೀನುಮರಿಗೆ ಆಸರೆ.

ನಮ್ಮ ಆಯ್ಕೆ ಲೆಮ್ನಾ. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2006ರ 221ನೇ ಪರೀಕ್ಷಾ ವಿಧಾನ ಇದಕ್ಕೆ ಬರೆದದ್ದೇ. ಕೆರೆಯಿಂದ ತಂದದ್ದಾದರೆ 0.5% ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಅರ್ಧ ನಿಮಿಷದಿಂದ ಕೆಲವು ನಿಮಿಷ ಅದ್ದಿ ತೊಳೆಯಬೇಕು. ಹೆಚ್ಚಿನ ಎಲೆಗಳು ಬಿಳುಪಾಗಿ ಸಾಯುತ್ತವೆ, ಗಾಬರಿ ಬೇಡ, ಉಳಿದ ಒಂದು ಹಸಿರು ಮೊಳಕೆಯಿಂದಲೇ ಇಡೀ ಸಂತಾನ ಬೆಳೆಸಬಹುದು. ಹಾಗೆ ಒಂದೇ ತಾಯಿಯದ್ದಾದರೆ ಇನ್ನೂ ಒಳ್ಳೆಯದು.

ಮಾಧ್ಯಮಕ್ಕೆ ಲೀಟರಿಗೆ ಸೋಡಿಯಂ ನೈಟ್ರೇಟ್ 85 ಮಿಲಿಗ್ರಾಂ, ಪೊಟ್ಯಾಶಿಯಂ ಡೈಹೈಡ್ರೋಜನ್ ಫಾಸ್ಫೇಟ್ 13.4, ಮೆಗ್ನೀಶಿಯಂ ಸಲ್ಫೇಟ್ 75, ಕ್ಯಾಲ್ಶಿಯಂ ಕ್ಲೋರೈಡ್ 36, ಸೋಡಿಯಂ ಕಾರ್ಬೊನೇಟ್ 20, ಪಿಎಚ್ ಹಿಡಿದಿಡಲು ಮಾಪ್ಸ್ 490, ಜೊತೆಗೆ ಇಡಿಟಿಎ ಕಟ್ಟಿದ ಕಬ್ಬಿಣ ಮತ್ತು ಸೂಕ್ಷ್ಮಾಂಶಗಳು. ಪಿಎಚ್ 6.5ಕ್ಕೆ ತನ್ನಿ. ಉಷ್ಣತೆ 24 ಡಿಗ್ರಿ, ಎರಡು ಡಿಗ್ರಿ ಆಚೀಚೆ. ಬೆಳಕು ನಿರಂತರ, 6,500ರಿಂದ 10,000 ಲಕ್ಸ್. ಪ್ರತಿ ಪಾತ್ರೆಗೆ 100 ಮಿಲಿಲೀಟರ್ ದ್ರಾವಣ, 9ರಿಂದ 12 ಎಲೆ, ಎಲ್ಲ ಪಾತ್ರೆಯಲ್ಲೂ ಒಂದೇ ಸಂಖ್ಯೆ. ಪ್ರತಿ ಸಾಂದ್ರತೆಗೆ ಮೂರು ಪಾತ್ರೆ, ಕಂಟ್ರೋಲಿಗೆ ಆರು. ಸೋಸಿದ ರಸವಾದರೆ 10, 3.2, 1, 0.32, 0.1 ಶೇಕಡಾ ಎಂದು ಐದು ಮೆಟ್ಟಿಲು ಇಳಿಸಿ. ಸರ್ಕೋಸ್ಪೊರಿನ್, ಬೋಸ್ಟ್ರೈಸಿನ್‌ಗಳಿಗೆ ದ್ರಾವಕ ಬಳಸಿದರೆ ಲೀಟರಿಗೆ 100 ಮೈಕ್ರೋಲೀಟರ್ ಮೀರಬಾರದು, ದ್ರಾವಕದ ಕಂಟ್ರೋಲ್ ಬೇರೆ ಇರಲೇಬೇಕು.

ಏಳು ದಿನದ ನಂತರ ಎಣಿಸಿ. ತಾಯೆಲೆಯ ಅಂಚಿನಿಂದ ಇಣುಕುವ ಚಿಕ್ಕ ಮೊಳಕೆಯೂ ಒಂದು ಎಲೆಯೇ, ಭೂತಗನ್ನಡಿ ಹಿಡಿದು ನೋಡಿ. ಮೊದಲ ದಿನ ಹಾಗೆ ಎಣಿಸಿದ್ದರೆ ಏಳನೇ ದಿನವೂ ಹಾಗೆಯೇ ಎಣಿಸಬೇಕು. ಕಂಟ್ರೋಲಿನಲ್ಲಿ ಎಲೆಗಳು ಎರಡೂವರೆ ದಿನದೊಳಗೆ ಇಮ್ಮಡಿಯಾಗುವ ವೇಗದಲ್ಲಿ ಬೆಳೆದಿರಬೇಕು, ಅಂದರೆ ವಾರಕ್ಕೆ ಸುಮಾರು ಏಳು ಪಟ್ಟು. ಹಾಗಾಗದಿದ್ದರೆ ಇಡೀ ಪರೀಕ್ಷೆ ರದ್ದು.

ಲೆಕ್ಕ ಮಾಡುವಾಗ ಒಂದು ಎಚ್ಚರ. ಕಂಟ್ರೋಲ್ 12ರಿಂದ 84 ಆಯಿತು, ವಿಷದ ಪಾತ್ರೆ 12ರಿಂದ 36 ಆಯಿತು ಎಂದುಕೊಳ್ಳಿ. ಹೊಸದಾಗಿ ಬಂದ ಎಲೆಗಳ ಪ್ರಕಾರ 72ರ ಎದುರು 24, ಅಂದರೆ 67% ತಡೆ. ಬೆಳವಣಿಗೆಯ ದರದ ಪ್ರಕಾರ ದಿನಕ್ಕೆ 0.278ರ ಎದುರು 0.157, ಅಂದರೆ 44% ತಡೆ. ಎರಡೂ ಸರಿ, ಎರಡೂ ಒಂದೇ ಪಾತ್ರೆಯವು. ಇಬ್ಬರ ಫಲಿತಾಂಶ ಹೋಲಿಸುವ ಮುನ್ನ ಯಾರು ಯಾವ ಲೆಕ್ಕ ಹಾಕಿದ್ದಾರೆ ಎಂದು ಕೇಳಿ. ನಾವು ದರವನ್ನೇ ಒಪ್ಪುತ್ತೇವೆ, ಏಕೆಂದರೆ ಪರೀಕ್ಷೆಯ ದಿನಗಳು ಹೆಚ್ಚು ಕಡಿಮೆಯಾದರೂ ಅದು ಅಷ್ಟಾಗಿ ಅಲುಗಾಡುವುದಿಲ್ಲ.

ಕೆರೆಗೆ ಇಳಿಯುವಾಗ

ಕೆರೆಗೆ ಬೂಷ್ಟನ್ನೇ ಆರಿಸುವುದಾದರೆ ಆಲ್ಟರ್ನೇರಿಯ ಐಕಾರ್ನಿಯೆ, ಆಮೇಲೆ ಸರ್ಕೋಸ್ಪೊರ ಪಿಯಾರೊಪಿ. ಎರಡೂ ಒಂಟಿಯಾಗಿ ದೊಡ್ಡ ಕಳೆಯನ್ನು ಮುಗಿಸುವುದು ಅಪರೂಪ, ಹೊಸ ಎಲೆಯ ವೇಗ ಚುಕ್ಕೆಯ ವೇಗವನ್ನು ಮೀರಿಸುತ್ತದೆ. ಅಮೆರಿಕದಲ್ಲಿ ಅಬಾಟ್ ಕಂಪನಿ ಸರ್ಕೋಸ್ಪೊರದ ಪುಡಿಯನ್ನು ತಯಾರಿಸಿ ಪರೀಕ್ಷಿಸಿತ್ತು, ಅದು ಮಾರುಕಟ್ಟೆಗೆ ಬರಲಿಲ್ಲ.

ಒಂಟಿ ಬೂಷ್ಟಿಗಿಂತ ಮೂತಿಹುಳುವಿನ ಜೊತೆ ಬೂಷ್ಟು ಎಷ್ಟೋ ಮೇಲು. ನಿಯೋಕೆಟಿನ ಕುಲದ ಎರಡು ಹುಳುಗಳನ್ನು 1980ರ ದಶಕದಲ್ಲಿ ಬೆಂಗಳೂರಿಗೆ ತಂದು ಇಲ್ಲಿನ ಕೆರೆಗಳಲ್ಲೇ ಬಿಡಲಾಗಿತ್ತು, ಈಗ ಹಲವು ಕಡೆ ಅವು ನೆಲೆಸಿವೆ. ಎಲೆಯ ಮೇಲೆ ಕೆರೆದಂತೆ ಎರಡು ಮೂರು ಮಿಲಿಮೀಟರಿನ ಚೌಕಾಕಾರದ ಗುರುತುಗಳಿದ್ದರೆ ಹುಳು ಇದೆ ಎಂದೇ ಅರ್ಥ. ತೊಟ್ಟು ಸೀಳಿದರೆ ಮರಿಹುಳು ಕೊರೆದ ಕಂದು ಸುರಂಗ ಕಾಣುತ್ತದೆ. ಆ ಗಾಯಗಳೇ ಬೂಷ್ಟಿಗೆ ಮೇಣದ ಹೊದಿಕೆ ದಾಟುವ ಬಾಗಿಲು. ಎಲೆಗೆ ಹತ್ತಾರು ಗುರುತು ಕಾಣುವವರೆಗೆ ಕಾದು, ಆಮೇಲೆ ಸಿಂಪಡಿಸಿ.

ಮಿಲಿಲೀಟರಿಗೆ 10 ಲಕ್ಷ ಬೀಜಕ ಗುರಿಯಿರಲಿ. ಕಣ ಎಣಿಸುವ ಗಾಜಿನ ಪಟ್ಟಿಯಾದ ಹೀಮೋಸೈಟೋಮೀಟರಿನ ನಡುವಿನ ಒಂದು ಚದರ ಮಿಲಿಮೀಟರಿನಲ್ಲಿ 100 ಬೀಜಕ ಎಣಿಸಿದರೆ ಅದು 10 ಲಕ್ಷ. ಹನಿ ಎಲೆಗೆ ಅಂಟಲು ಟ್ವೀನ್ 80 ಅನ್ನು 0.02% ಸೇರಿಸಿ. ಬೀಜಕ ಮೊಳೆಯಲು ಎಲೆ ರಾತ್ರಿಯಿಡೀ ಒದ್ದೆಯಾಗಿರಬೇಕು, ಆದ್ದರಿಂದ ಸಂಜೆ ಐದರ ಮೇಲೆ, ಇಬ್ಬನಿ ಬೀಳುವ ಕಾಲದಲ್ಲಿ ಹೊಡೆಯಿರಿ. ಬೇಸಿಗೆಯ ಒಣಗಾಳಿಯಲ್ಲಿ ಬೆಳಿಗ್ಗೆ ಹೊಡೆದದ್ದೆಲ್ಲ ಮಧ್ಯಾಹ್ನದೊಳಗೆ ಸತ್ತಿರುತ್ತದೆ. ಇಬ್ಬನಿಯ ಈ ಅವಲಂಬನೆ ತಪ್ಪಿಸಲು ಈಜಿಪ್ಟಿನಲ್ಲಿ ಶಬಾನ ಎಂಬ ವಿಜ್ಞಾನಿ ಬೀಜಕಗಳನ್ನು ಅಡುಗೆ ಎಣ್ಣೆಯಂಥ ಸಸ್ಯಜನ್ಯ ಎಣ್ಣೆಯ ಮಿಶ್ರಣದಲ್ಲಿ ಕೊಟ್ಟು ನೋಡಿದ್ದಾರೆ, ಎಣ್ಣೆ ನೀರು ಆರುವುದನ್ನು ತಡೆಯುತ್ತದೆ. ಸಿಂಪಡಿಸುವ ವಾರದಲ್ಲಿ ಪಕ್ಕದ ಹೊಲಗಳಲ್ಲಿ ಶಿಲೀಂಧ್ರನಾಶಕ ಹೊಡೆದ ನೀರು ಕೆರೆಗೆ ಹರಿದು ಬರುತ್ತಿಲ್ಲ ಎಂದೂ ನೋಡಿಕೊಳ್ಳಿ. ಪ್ರಯೋಗದ ಹಂತ ದಾಟಿ ಮಾರುವ ಉದ್ದೇಶವಿದ್ದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು.

ಒಂದೇ ಸಲ ಇಡೀ ಕೆರೆಗೆ ಹೊಡೆಯಬೇಡಿ. ಸತ್ತ ಕಳೆ ಮುಳುಗಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ, ಮೀನು ಸಾಯುತ್ತದೆ. ಮೂರನೇ ಒಂದು ಭಾಗ ಮಾಡಿ, ಕಂದಾದ ಗಿಡಗಳನ್ನು ಮುಳುಗುವ ಮುನ್ನವೇ ಏರಿಯ ಮೇಲೆ ಎಳೆದು ಹಾಕಿ, ಆಮೇಲೆ ಮುಂದಿನ ಭಾಗ. ಎಳೆದದ್ದನ್ನು ಕೋಡಿಯ ಹತ್ತಿರ ರಾಶಿ ಹಾಕಬೇಡಿ, ಮೊದಲ ಮಳೆಗೆ ತುಂಡುಗಳು ಕೆಳಗಿನ ಕೆರೆಗೆ ಹೋಗಿ ಬೇರೂರುತ್ತವೆ. ಆಮ್ಲಜನಕವನ್ನು ಹಗಲಲ್ಲಿ ಅಳೆದು ಸಮಾಧಾನಪಡಬೇಡಿ; ಸೂರ್ಯ ಹುಟ್ಟುವ ಮುನ್ನ, ತೂಬಿನ ಹತ್ತಿರ ಆಳದ ನೀರಿನಲ್ಲಿ ಅಳೆಯಿರಿ. ಅಲ್ಲಿ ಲೀಟರಿಗೆ 3 ಮಿಲಿಗ್ರಾಮಿಗಿಂತ ಕಡಿಮೆ ಬಂದರೆ ಮುಂದಿನ ಸಿಂಪಡಣೆಯನ್ನು ನಿಲ್ಲಿಸಿ, ಮೊದಲು ಕಳೆ ಎಳೆಯುವ ಕೆಲಸ ಮುಗಿಸಿ.